ಕುರ್ಚಿಯಕ್ಕ ಕೂರದ ಹನ್ನೊಂದು ಚಿತ್ರಗಳು

ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಅನ್ನುತ್ತಾರೆ. ಆ ಗಾದೆ ಕಟ್ಟಿದವರು ಕುರ್ಚಿಯಕ್ಕನನ್ನು ನೋಡಿರಲಿಲ್ಲ. ಅವಳು ಬದುಕಿದ್ದೇ ಕೂತು. ವಿಶ್ವವಿದ್ಯಾಲಯದ ಚಿತ್ರಕಲಾ ವಿಭಾಗದಲ್ಲಿ ಮೂವತ್ತೊಂದು ವರ್ಷ ಹುಡುಗ ಹುಡುಗಿಯರ ಎದುರು ಮಾಡೆಲ್ ಆಗಿ ಕೂತಳು. ಅವರು ನೋಡುತ್ತಾ ಬರೆಯುತ್ತಿದ್ದರು, ಇವಳು ಅಲ್ಲಾಡದೆ ಇರುತ್ತಿದ್ದಳು. ಕಡೆಗೆ ಮಂಡಿ ಕೈಕೊಟ್ಟಾಗ ವಿಭಾಗದವರು ಕನಿಕರಪಟ್ಟು ಪಕ್ಕದ ಕಲಾ ಗ್ಯಾಲರಿಯಲ್ಲಿ ಕಾವಲಿನ ಕೆಲಸ ಕೊಟ್ಟರು. ಅಲ್ಲಿಯೂ ಕೆಲಸವೆಂದರೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಚಿತ್ರ ಮುಟ್ಟುವವರನ್ನು ಗದರುವುದು. ಹೆಸರು ಹಿಡಿದು ಅವಳನ್ನು ಕರೆದವರೇ ಇಲ್ಲ. ಕುಲಪತಿಗಳಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರಿಗೂ ಅವಳು ಕುರ್ಚಿಯಕ್ಕ.

ಕೂರುವುದೇನು ಮಹಾ ಎಂದು ಮೂಗು ಮುರಿಯಬೇಡಿ. ಇಪ್ಪತ್ತು ನಿಮಿಷ ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತದೆ ಇದ್ದು ನೋಡಿ, ಆಮೇಲೆ ಮಾತಾಡಿ. ಬಿಡುವಿಗೆ ಏಳುವ ಮುಂಚೆ ಮೇಷ್ಟ್ರು ಬಂದು ಅವಳ ಪಾದಗಳ ಸುತ್ತ, ಕುರ್ಚಿಯ ಕಾಲುಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಟೀ ಕುಡಿದು ಬಂದವಳು ಅದೇ ಗೆರೆಯೊಳಗೆ ಪಾದ ಇಟ್ಟು, ಮೊದಲಿನ ಹಾಗೆಯೇ ಕೂರಬೇಕು. ಕುರ್ಚಿಯಕ್ಕ ಒಂದು ಕೂದಲೆಳೆ ಆಚೀಚೆ ಆಗದಂತೆ ಕೂರುತ್ತಿದ್ದಳು. ಅದೊಂದು ಅವಳ ಜಂಬ.

ಗ್ಯಾಲರಿಯಲ್ಲಿ ವರ್ಷಕ್ಕೆ ನಾಲ್ಕು ಪ್ರದರ್ಶನ, ಗುರುವಾರ ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಸಾರ್ವಜನಿಕ ಉಪನ್ಯಾಸ. ಆ ವರ್ಷ ಮೊದಲು ಹಳೆ ಸೇತುವೆಗಳ ಫೋಟೋ ಬಂದವು. ಆಮೇಲೆ ಒಬ್ಬಾತ ತುಕ್ಕು ಹಿಡಿದ ಬೀಗಗಳನ್ನು ನೂಲಿಗೆ ಕಟ್ಟಿ ತೂಗುಹಾಕಿದ. ಮೂರನೆಯದರಲ್ಲಿ ಗೋಡೆಯ ತುಂಬ ಬರೀ ಬಿಳಿ ಹಾಳೆ. ಅದರ ಮೇಲೆ ಪಂಡಿತರೊಬ್ಬರು ಒಂದೂವರೆ ಗಂಟೆ ಶೂನ್ಯದ ಬಗ್ಗೆ ಮಾತಾಡಿದರು. ತಲೆಬುಡ ಯಾರಿಗೂ ತಿಳಿಯಲಿಲ್ಲ, ಚಪ್ಪಾಳೆ ಮಾತ್ರ ಜೋರಾಗಿತ್ತು. ನಾಲ್ಕನೆಯದಕ್ಕೆ ಗ್ಯಾಲರಿ ನೋಡಿಕೊಳ್ಳುವ ಮೇಡಂ ವಿಭಾಗದ ಉಗ್ರಾಣ ತೆಗೆಸಿ, ಮೂವತ್ತೊಂದು ವರ್ಷದ ವಿದ್ಯಾರ್ಥಿಗಳು ಬರೆದಿಟ್ಟ ಹಾಳೆಗಳ ಧೂಳು ಹೊಡೆಸಿದರು. ಎಲ್ಲ ಹಾಳೆಯಲ್ಲೂ ಕುರ್ಚಿಯಕ್ಕನೇ. ಪ್ರದರ್ಶನಕ್ಕೆ ‘ಒಬ್ಬಳೇ’ ಎಂದು ಹೆಸರಿಟ್ಟರು. ಕೊನೆಯ ಗುರುವಾರ ಅವಳಿಗೆ ಸನ್ಮಾನ ಎಂದೂ ಹೇಳಿದರು.

ಕುರ್ಚಿಯಕ್ಕ ಹಿಗ್ಗಿ ಹೋದಳು. ಮಕ್ಕಳಿಲ್ಲದ, ಗಂಡನನ್ನು ಕಳೆದುಕೊಂಡ ಅರವತ್ತರ ಹೆಂಗಸಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನಿದೆ ಹೇಳಿ. ಆದರೆ ಚಿತ್ರ ತೂಗುಹಾಕಿದ ಮೊದಲ ದಿನವೇ ಅವಳಿಗೆ ಒಂದು ಥರ ಆಯಿತು. ಗೋಡೆಯ ಆ ತುದಿಯಲ್ಲಿ ಇಪ್ಪತ್ತೈದರ ಹೆಂಗಸು, ಈ ತುದಿಗೆ ಬರುವ ಹೊತ್ತಿಗೆ ಕೆನ್ನೆ ಇಳಿದ ಮುದುಕಿ. ನೋಡಲು ಬಂದವರು ಗೋಡೆ ನೋಡಿ, ಇವಳನ್ನು ನೋಡಿ, ದನಿ ತಗ್ಗಿಸುತ್ತಿದ್ದರು. ಎದುರಿಗೇ ಕೂತಿದ್ದರೂ ‘ಎಷ್ಟು ತಾಳ್ಮೆ ಇತ್ತಂತೆ’, ‘ಒಳ್ಳೆ ಹೆಂಗಸಂತೆ’ ಎಂದು ಸತ್ತವರ ಬಗ್ಗೆ ಆಡುವ ಹಾಗೆ ಆಡುತ್ತಿದ್ದರು. ಒಂದೆರಡು ಸಲ ಅವಳು ಬೇಕೆಂದೇ ಕೆಮ್ಮಿದಳು.

ಜನ ಇಲ್ಲದ ಮಧ್ಯಾಹ್ನಗಳು ಇನ್ನೂ ಕಷ್ಟ. ತೇವ ಹೀರುವ ಯಂತ್ರದ ಗುಂಯ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇನ್ನೂರು ಚಿತ್ರಗಳಲ್ಲಿ ಬಹುಪಾಲಿನವು ಎಡಕ್ಕೆ, ಕಿಟಕಿಯ ಬೆಳಕಿನ ಕಡೆಗೆ ನೋಡುತ್ತಿದ್ದವು. ನಡುಗೋಡೆಯ ಹನ್ನೊಂದು ಮಾತ್ರ ನೇರವಾಗಿ ಬಾಗಿಲನ್ನು ನೋಡುತ್ತಿದ್ದವು. ಬಾಗಿಲಲ್ಲಿ ಕೂತಿದ್ದವಳು ಇವಳೇ ಆದ್ದರಿಂದ ಹನ್ನೊಂದು ಜೊತೆ ಕಣ್ಣು ಇವಳ ಮೇಲೆಯೇ. ಕುರ್ಚಿ ಎಳೆದು ಒಂದು ಮೂಲೆಗೆ ಹಾಕಿಕೊಂಡಳು. ಆದರೂ ಅವು ತನ್ನನ್ನೇ ಹುಡುಕುತ್ತಿವೆ ಅನ್ನಿಸಿ, ಮತ್ತೆ ಬಾಗಿಲಿಗೇ ಬಂದಳು.

ತರಗತಿಯಲ್ಲಿ ಕಿಟಕಿ ಬಿಟ್ಟು ಹೀಗೆ ಬಾಗಿಲಿಗೆ ಮುಖ ಮಾಡಿ ತಾನು ಯಾವಾಗ ಕೂತಿದ್ದೆ ಎಂಬುದು ಅವಳಿಗೆ ಎಷ್ಟು ತಿಪ್ಪರಲಾಗ ಹಾಕಿದರೂ ನೆನಪಾಗಲಿಲ್ಲ. ಮೂರನೆಯ ದಿನ ಎದ್ದು ಹತ್ತಿರ ಹೋಗಿ ಕೆಳಮೂಲೆಯ ತಾರೀಖು ಓದಿದಳು. ಎಲ್ಲವೂ ಇಪ್ಪತ್ತು ವರ್ಷದ ಹಿಂದಿನ ಒಂದೇ ಅವಧಿಯವು, ವಾರಕ್ಕೊಂದರಂತೆ ಹನ್ನೊಂದು ವಾರ. ಆ ಹನ್ನೊಂದು ವಾರ ಅವಳು ಮೆಟ್ಟಿಲಿಂದ ಬಿದ್ದು, ಕಾಲು ಮುರಿದುಕೊಂಡು, ಊರಾಚೆ ಅತ್ತೆಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು.

ಆ ಅವಧಿಯ ಮೇಲೆ ಅವಳಿಗೆ ಮೊದಲಿನಿಂದಲೂ ಒಂದು ಮುನಿಸಿತ್ತು. ಬರಲಾಗುವುದಿಲ್ಲ ಎಂದು ಯಾರ ಕೈಲೋ ಚೀಟಿ ಕಳಿಸಿದ್ದಳು. ವಿಭಾಗದಿಂದ ಒಂದು ನರಪಿಳ್ಳೆ ನೋಡಲು ಬರಲಿಲ್ಲ. ಕೋಲೂರಿಕೊಂಡು ವಾಪಸ್ಸು ಹೋದ ದಿನ ಹೇಗಿದ್ದೀರಿ ಎಂದು ಕೇಳುವುದಿರಲಿ, ಟೀಗೆ ಹೋಗಿ ಬಂದವಳನ್ನು ನೋಡುವ ಹಾಗೆ ನೋಡಿ, ಮೇಷ್ಟ್ರು ‘ಕೂರಿ ಕೂರಿ, ಹೊತ್ತಾಯ್ತು’ ಅಂದಿದ್ದರು. ಹಾಜರಿಯಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಹಾಜರಿ ಹಾಕಿಸಿದ್ದು ಮೇಷ್ಟ್ರ ದೊಡ್ಡಗುಣ, ವಿಚಾರಿಸದೆ ಇದ್ದದ್ದು ಅವರ ಕಲ್ಲುಮನಸ್ಸು ಎಂದು ಎರಡನ್ನೂ ಒಟ್ಟಿಗೆ ನಂಬಿಕೊಂಡು ಬಂದಿದ್ದಳು.

ಹಾಗಾದರೆ ಈ ಹೆಂಗಸು ಯಾರು? ತನ್ನದೇ ಹಣೆ, ತನ್ನದೇ ಗಲ್ಲ, ಹೊದ್ದ ಶಾಲಿನ ಮಡಿಕೆ ಕೂಡ ತನ್ನದೇ. ಬಲಗೈ ಕಿರುಬೆರಳು ತನ್ನದರಂತೆಯೇ ಡೊಂಕು. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಮುರಿದ ಬೆರಳು ಅದು. ಹತ್ತು ಚಿತ್ರಗಳಲ್ಲಿ ಬೆರಳು ಡೊಂಕಾಗಿಯೇ ಇತ್ತು. ಹನ್ನೊಂದನೆಯದರಲ್ಲಿ ನೆಟ್ಟಗಿತ್ತು. ಆ ನೆಟ್ಟಗಿನ ಬೆರಳಿನ ಮೇಲೆ ಯಾರೋ ಕೆಂಪು ಪೆನ್ಸಿಲ್ಲಿನಿಂದ ಡೊಂಕು ಬೆರಳು ತಿದ್ದಿ, ಪಕ್ಕದಲ್ಲಿ ‘ಕಣ್ಣು ಬಿಟ್ಟು ನೋಡಿ ಬರೆ’ ಎಂದು ಬರೆದಿದ್ದರು. ಅಕ್ಷರ ಮೇಷ್ಟ್ರದು.

ಕುರ್ಚಿಯಕ್ಕನಿಗೊಬ್ಬ ತಂಗಿ ಇದ್ದಳು. ವರ್ಷಕ್ಕೆ ಚಿಕ್ಕವಳು, ಮನೆಯಲ್ಲಿ ಪುಟ್ಟಿ ಅನ್ನುತ್ತಿದ್ದರು. ಒಂದೇ ಅಚ್ಚಿನಲ್ಲಿ ಒತ್ತಿದ ಹಾಗಿದ್ದವರನ್ನು ಬೀದಿಯವರು ಬೆರಳು ನೋಡಿ ಗುರುತು ಹಿಡಿಯುತ್ತಿದ್ದರು. ಪುಟ್ಟಿ ಕೆಲಸ ಹಿಡಿದು ದೂರದ ಊರಿಗೆ ಹೋದಳು. ಅಮ್ಮ ಹಾಸಿಗೆ ಹಿಡಿದ ಎಂಟು ತಿಂಗಳು ಬಳಿದದ್ದು, ತೊಳೆದದ್ದು ಅಕ್ಕ. ಅಮ್ಮ ಕೊನೆಯ ದಿನಗಳಲ್ಲಿ ಪುಟ್ಟಿ ಪುಟ್ಟಿ ಎಂದು ಕನವರಿಸಿದಳು. ಎದುರಿಗಿದ್ದ ಮುಖವನ್ನೇ ಪುಟ್ಟಿ ಅಂದುಕೊಂಡು ತಡವಿದಳು. ಅಕ್ಕ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ‘ಹೂಂ ಅಮ್ಮ, ಬಂದೆ’ ಅಂದಿದ್ದಳು. ಪುಟ್ಟಿ ಬಂದದ್ದು ಎಲ್ಲ ಮುಗಿದ ಮೂರನೆಯ ದಿನ. ರಜೆ ಸಿಗಲಿಲ್ಲ ಅಕ್ಕ ಎಂದು ಅಳುತ್ತಿದ್ದವಳನ್ನು ಬಾಗಿಲಲ್ಲೇ ತಡೆದು, ‘ನಾನು ಬದುಕಿರೋವರೆಗೂ ಈ ಹೊಸಿಲು ತುಳೀಬೇಡ’ ಅಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಎರಡು ಕಾಗದ ಬಂದವು. ಒಡೆಯದೆ ಒಲೆಗೆ ಹಾಕಿದಳು. ಮೂರನೆಯದು ಬರಲಿಲ್ಲ. ಅಕ್ಕ ಸತ್ತಳೋ ಇದ್ದಾಳೋ ಎಂದು ಒಂದು ಸಲ ಬಂದು ಇಣುಕಲೂ ಇಲ್ಲವಲ್ಲ ಎಂಬ ರೋಷವನ್ನೇ ಹಲ್ಲು ಕಚ್ಚಿ ಹಿಡಿದುಕೊಂಡು ಇಷ್ಟು ವರ್ಷ ಕಳೆದಿದ್ದಳು. ಯಾರು ಕೇಳಿದರೂ ನನಗೆ ತಂಗಿ ಇಲ್ಲ ಅನ್ನುತ್ತಿದ್ದಳು.

ಈಗ ಆ ರೋಷದ ಬುಡವೇ ಅಲ್ಲಾಡಿತು. ಬಂದಿದ್ದಳೇ? ಬಂದು, ಹನ್ನೊಂದು ವಾರ ತನ್ನ ಕುರ್ಚಿಯಲ್ಲಿ ಕೂತಿದ್ದಳೇ? ಅಲ್ಲ, ಮೂವತ್ತು ಜನ ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ, ಮೂಗಿನಿಂದ ಗಲ್ಲಕ್ಕೆ ಎಷ್ಟು ಎಂದು ಅಳೆದು ಅಳೆದು ಬರೆದವರು, ಬೇರೆ ಹೆಂಗಸು ಎಂದು ಒಬ್ಬರಿಗೂ ತಿಳಿಯಲಿಲ್ಲವೇ? ಕುರ್ಚಿಯಕ್ಕ ಮೇಡಂ ಹತ್ತಿರ ತಾರೀಖು ತಪ್ಪಿರಬಹುದೇ ಎಂದು ಕೇಳಿದಳು. ಮೇಡಂ ನಕ್ಕು, ಆ ಹನ್ನೊಂದೇ ಇಡೀ ಪ್ರದರ್ಶನದ ಜೀವ, ಆಹ್ವಾನ ಪತ್ರಿಕೆಯ ಮೇಲೂ ಅದನ್ನೇ ಅಚ್ಚು ಹಾಕಿಸಿದ್ದೇನೆ, ನಿಮ್ಮ ಕಣ್ಣಲ್ಲಿ ಅಂಥ ಕಾಯುವಿಕೆ ಮತ್ತೆಲ್ಲೂ ಇಲ್ಲ ಎಂದು ಹೊಗಳಿದರು. ಆಮೇಲಿನ ಹದಿನೈದು ದಿನ ಕುರ್ಚಿಯಕ್ಕ ಆ ಕಣ್ಣುಗಳ ಎದುರು ಕೂತಳು. ಮೂವತ್ತೊಂದು ವರ್ಷ ನೋಡಿಸಿಕೊಂಡವಳಿಗೆ ನೋಟವೆಂದರೆ ಹೆದರಿಕೆ ಇರಲಿಲ್ಲ. ಈಗ ತಲೆ ಎತ್ತಲು ಹೆದರಿದಳು. ಒಬ್ಬಳೇ ಇದ್ದಾಗ ಸಣ್ಣ ದನಿಯಲ್ಲಿ ‘ಪುಟ್ಟಿ, ನೀನೇನೇ?’ ಎಂದು ಕೇಳಿಯೂ ಕೇಳಿದಳು. ಯಂತ್ರ ಗುಂಯ್ ಅನ್ನುತ್ತಿತ್ತು.

ಕೊನೆಯ ಗುರುವಾರ ನಾಲ್ಕಕ್ಕೆ ಅರವತ್ತು ಕುರ್ಚಿ ತುಂಬಿದವು. ಭಾಷಣಕ್ಕೆ ಬಂದವರು ಆ ಮೇಷ್ಟ್ರೇ, ಈಗ ಎಂಬತ್ತು ದಾಟಿದ ನಿವೃತ್ತರು. ಮಾಡೆಲ್ ಎಂದರೆ ಹೇಗಿರಬೇಕು ಎಂದು ಮಾತು ಎತ್ತಿ, ನಡುಗೋಡೆಗೆ ಕೈ ತೋರಿಸಿದರು. ಇವರು ನನ್ನ ಮಾತು ಮೀರಿದ್ದು ಒಂದೇ ಸಲ ಅಂದರು. ಆ ಅವಧಿಯ ಮೊದಲ ದಿನ ಬಾಗಿಲಲ್ಲಿ ನಿಂತಿದ್ದರು, ತಡ ಆಯ್ತು ಬಂದು ಕೂರಿ ಅಂದೆ, ಕಿಟಕಿ ಕಡೆ ತಿರುಗಿ ಅಂದರೆ ಒಪ್ಪಲಿಲ್ಲ, ಬಾಗಿಲ ಕಡೆಗೇ ಮುಖ ಮಾಡಿ ಕೂರ್ತೀನಿ ಎಂದು ಹಠ ಹಿಡಿದರು, ಅದರಿಂದ ಎಂಥ ಚಿತ್ರಗಳು ಬಂದವು ನೋಡಿ ಎಂದರು. ಜನ ಚಪ್ಪಾಳೆ ತಟ್ಟಿ ಕುರ್ಚಿಯಕ್ಕನ ಕಡೆ ತಿರುಗಿದರು.

ಕುರ್ಚಿಯಕ್ಕ ಗೋಡೆ ಹಿಡಿದು ಎದ್ದಳು. “ಅದು ನಾನಲ್ಲ ಮೇಷ್ಟ್ರೇ,” ಅಂದಳು. ತಮಾಷೆ ಎಂದುಕೊಂಡು ಕೆಲವರು ನಕ್ಕರು. “ಆ ಹನ್ನೊಂದು ವಾರ ನಾನು ಕಾಲು ಮುರ್ಕೊಂಡು ಮಲಗಿದ್ದೆ. ಅದು ನನ್ನ ತಂಗಿ.”

ನಗು ನಿಂತಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಹನ್ನೊಂದನೆಯ ಚಿತ್ರದ ಹತ್ತಿರ ಹೋಗಿ, ತಮ್ಮದೇ ಕೆಂಪು ಗೆರೆಗೆ ಮೂಗು ತಾಗುವಷ್ಟು ಬಗ್ಗಿದರು. ಹುಡುಗರಿಗೆ ಎರಡು ವರ್ಷ ನಿಮ್ಮ ಬೆರಳು ಬರೆದು ಕೈಗೆ ರೂಢಿಯಾಗಿತ್ತು, ಯಾರೂ ನೋಡಲೇ ಇಲ್ಲ, ನಾನೂ ನೋಡಲಿಲ್ಲ ಎಂದು ಗೋಡೆಗೇ ಹೇಳಿದರು. ಕಣ್ಣಿದ್ದೂ ಕುರುಡಾದವರ ಪೈಕಿ ಅಂದು ಒಪ್ಪಿಕೊಂಡವರು ಅವರೊಬ್ಬರೇ.

ಆಗ ಹಿಂದಿನ ಸಾಲಿನಿಂದ ನಡುವಯಸ್ಸಿನ ಹೆಂಗಸೊಬ್ಬಳು ಎದ್ದು ಬಂದಳು. ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರಂತೆ. ಆಹ್ವಾನ ಪತ್ರಿಕೆಯ ಚಿತ್ರ ನೋಡಿ ಬಂದಿದ್ದಳು. ನೆಟ್ಟಗಿನ ಬೆರಳು ಬರೆದವಳು ಅವಳೇ. ಆ ವರ್ಷ ಹೊಸದಾಗಿ ಸೇರಿದ್ದರಿಂದ ಅವಳಿಗೆ ಹಳೆಯ ರೂಢಿ ಇರಲಿಲ್ಲ, ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು. ಬೈಸಿಕೊಂಡ ಮೇಲೆ ತನ್ನ ಕಣ್ಣೇ ಸರಿಯಿಲ್ಲ ಎಂದುಕೊಂಡಳಂತೆ. ಬಿಡುವಿನಲ್ಲಿ ತಾನು ಅತ್ತದ್ದು ಕಂಡು ಮಾಡೆಲ್ಲೇ ಹತ್ತಿರ ಬಂದು, ನೀನು ಬರೆದದ್ದೇ ಸರಿ, ಇದು ನನ್ನ ಅಕ್ಕನ ಜಾಗ, ಬರೋಕಾಗಲ್ಲ ಅಂತ ಅವಳು ಕಳಿಸಿದ ಚೀಟಿ ಬಾಗಿಲಲ್ಲಿ ನನ್ನ ಕೈಗೇ ಸಿಕ್ಕಿತು, ಅವಳು ಬರೋವರೆಗೂ ಬೇರೆಯವರ ಪಾಲಾಗಬಾರದು ಅಂತ ಕೂತಿದ್ದೀನಿ, ಯಾರಿಗೂ ಹೇಳಬೇಡ ಅಂದಿದ್ದಳಂತೆ.

“ಮನೆಗ್ಯಾಕೆ ಬರಲಿಲ್ಲ ಅವಳು?” ಎಂದು ಕುರ್ಚಿಯಕ್ಕ ಟೀಚರನ್ನು ಕೇಳಿದಳು. ಕೇಳಿದ ಮರುಕ್ಷಣವೇ ತಾನೇ ಉತ್ತರ ಹೇಳಿದಳು. “ಹೊಸಿಲು ತುಳೀಬೇಡ ಅಂದಿದ್ದು ನಾನೇ. ಅವಳು ತುಳೀಲಿಲ್ಲ.” ಅಷ್ಟು ಹೇಳಿ, ಅರವತ್ತು ಜನರ ಎದುರು, ಮುಖ ಮುಚ್ಚಿಕೊಳ್ಳದೆ ಅತ್ತಳು.

ಟೀಚರು ಅವಳ ಕೈ ಹಿಡಿದು ಕೂರಿಸಿದಳು. ಕೊನೆಯ ದಿನದ್ದನ್ನೂ ಹೇಳಿದಳು. ಆವತ್ತು ಬಿಡುವಿನಲ್ಲಿ ಮಾಡೆಲ್ ಕಿಟಕಿಯಲ್ಲಿ ನಿಂತಿದ್ದಳು. ಅಂಗಳದಲ್ಲಿ ಒಬ್ಬರು ಕೋಲೂರಿಕೊಂಡು, ಹೆಜ್ಜೆಗೊಂದು ಸಲ ನಿಂತು ಬರುತ್ತಿದ್ದರು. ಮಾಡೆಲ್ ಓಡಿ ಬಂದು, ಮೇಷ್ಟ್ರ ಕುರ್ಚಿಯ ಮೆತ್ತೆ ಕಿತ್ತು ತನ್ನ ಕುರ್ಚಿಗೆ ಹಾಕಿದಳು. ಮುರಿದ ಕಾಲು ಚಾಚಲು ಎದುರಿಗೆ ಒಂದು ಪೆಟ್ಟಿಗೆ ಎಳೆದಿಟ್ಟಳು, ಅದರ ಮೇಲೆ ತನ್ನ ಶಾಲು ಮಡಿಸಿ ಹಾಸಿದಳು. ನನ್ನನ್ನು ಕಂಡರೆ ಅವಳಿಗೆ ಸಿಟ್ಟು ಬರುತ್ತೆ, ನೋಯೋ ಕಾಲಲ್ಲಿ ವಾಪಸ್ಸು ಹೊರಟುಬಿಡ್ತಾಳೆ ಎಂದು ಹಿಂದಿನ ಬಾಗಿಲಿಗೆ ಹೋದಳು. ಎಲ್ಲಿಗೆ ಹೋದಳೋ ಟೀಚರಿಗೆ ಗೊತ್ತಿಲ್ಲ. ಆಮೇಲೆ ಎಂದೂ ಕಾಣಲಿಲ್ಲ.

ಕುರ್ಚಿಯಕ್ಕ ಗೋಡೆಯ ಮೇಲಿನ ಕಣ್ಣುಗಳನ್ನು ಮೊದಲ ಸಲ ತಲೆ ಎತ್ತಿ ನೋಡಿದಳು. “ಹೋಗೋ ಮುಂಚೆ ಒಂದ್ಸಲ ತಿರುಗಿ ನೋಡಿದ್ಳಾ, ತಾಯಿ?” ಎಂದು ಕೇಳಿದಳು.

“ನೋಡಿದ್ರು ಅಕ್ಕ. ಬಾಗಿಲ ಗಾಜಿನ ಆಚೆ ಸುಮಾರು ಹೊತ್ತು ನಿಂತಿದ್ರು. ನೀವು ಆಗ ಮೆತ್ತೆ ಮೇಲೆ ಕೂತು, ಪೆಟ್ಟಿಗೆ ಮೇಲೆ ಕಾಲು ಚಾಚ್ಕೊಂಡು, ಇಷ್ಟೆಲ್ಲಾ ಮಾಡಿಟ್ಟಿದ್ದಕ್ಕೆ ಮೇಷ್ಟ್ರಿಗೆ ಕೈ ಮುಗೀತಾ ಇದ್ರಿ.”