ಇಪ್ಪತ್ತರ ಕೆಳಗೆ

ಆ ಊರಿನ ಅರ್ಧದಷ್ಟು ಅಂಗಡಿಗಳ ತೂಕದ ಯಂತ್ರಗಳು ಅವನ ಕೈ ದಾಟಿಯೇ ಹೋಗಿರುತ್ತವೆ. ತರಕಾರಿ ಅಂಗಡಿಯ ಮೇಜಿನ ಮೇಲಿನದು, ಗುಜರಿಯವನ ನೆಲದ ಹಲಗೆ, ಔಷಧಿ ಅಂಗಡಿಯ ಬಾಗಿಲಲ್ಲಿ ನಿಂತ ಆಳುದ್ದದ ಯಂತ್ರ, ಎಲ್ಲವನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಿ, ಸರಿಪಡಿಸಿ, ಮೊಹರು ಹಾಕುವುದು ಅವನ ಕೆಲಸ. ಇಪ್ಪತ್ತಾರು ವರ್ಷದಿಂದ ಇದೇ. ಅಂಗಡಿಯವರು ಅವನಿಗೆ ‘ಗ್ರಾಂ’ ಎಂದು ಹೆಸರಿಟ್ಟಿದ್ದಾರೆ. “ಗ್ರಾಂ ಬಂದ, ತಟ್ಟೆ ಮೇಲಿಂದ ಬೆರಳು ತೆಗಿ” ಎಂಬ ಹಳೆಯ ತಮಾಷೆಗೆ ಅವನು ಪ್ರತಿ ಸಲವೂ ನಗುತ್ತಾನೆ.

ಎರಡು ವರ್ಷದ ಹಿಂದೆ ಅವನು ಹಳೆಯ ವ್ಯಾನನ್ನು ಬಿಟ್ಟು ಚಿಕ್ಕದೊಂದು ಎಲೆಕ್ಟ್ರಿಕ್ ಕಾರು ಕೊಂಡ. ಕೊಂಡದ್ದು ಬೇರೆಯವರು ಓಡಿಸಿದ ಕಾರನ್ನು. ಮುಂದೆ ಇಬ್ಬರು ಕೂರಬಹುದು, ಹಿಂದಿನ ಸೀಟು ಮಡಚಿದರೆ ತೂಕದ ಬಟ್ಟುಗಳ ಪೆಟ್ಟಿಗೆ ಹಿಡಿಯುತ್ತದೆ. ಎರಡು ಗೋಡೆಗಳ ನಡುವೆ ಸೈಕಲ್ ನಿಲ್ಲಿಸುವಷ್ಟು ಜಾಗ ಸಿಕ್ಕರೂ ಇದನ್ನು ತೂರಿಸಬಹುದು. ಹೆಂಡತಿ ಅದನ್ನು ಬೆಂಕಿಪೊಟ್ಟಣ ಎನ್ನುತ್ತಾಳೆ. ಬ್ಯಾಟರಿ ಹಳೆಯದಾಗಿದ್ದರಿಂದ ಬೇಸಿಗೆಯಲ್ಲಿ ನೂರಹತ್ತು ಕಿಲೋಮೀಟರ್ ಓಡಿದರೆ, ಚಳಿಗಾಲದಲ್ಲಿ ತೊಂಬತ್ತಕ್ಕೆ ಇಳಿಯುತ್ತದೆ. ಹೀಟರ್ ಹಾಕಿದರೆ ಎಪ್ಪತ್ತು. ದಿನಕ್ಕೆ ಐವತ್ತೈದು ಅರವತ್ತು ಕಿಲೋಮೀಟರ್ ಅಂಗಡಿ ಸುತ್ತುವವನಿಗೆ ಇದು ಧಾರಾಳ. ಸಂಜೆ ಏಳಕ್ಕೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಪ್ಲಗ್ ಚುಚ್ಚಿದರೆ ಬೆಳಿಗ್ಗೆ ಶೇಕಡಾ ನೂರು.

ಆದರೂ ಅವನಿಗೊಂದು ನಿಯಮವಿತ್ತು: ಪರದೆಯ ಮೂಲೆಯ ಅಂಕಿ ಇಪ್ಪತ್ತಕ್ಕಿಂತ ಕೆಳಗೆ ಇಳಿಯಕೂಡದು. ಇದು ಕಾರಿನ ಪುಸ್ತಕದಲ್ಲಿ ಇದ್ದದ್ದಲ್ಲ, ಕಸುಬಿನಿಂದ ಬಂದದ್ದು. ತೂಕದ ಯಂತ್ರ ಯಾವುದೇ ಇರಲಿ, ಅದು ತೋರಿಸಬಲ್ಲ ಅತಿ ಚಿಕ್ಕ ಹೆಜ್ಜೆಯ ಇಪ್ಪತ್ತು ಪಟ್ಟಿಗಿಂತ ಕಡಿಮೆಯದನ್ನು ಅದರ ಮೇಲೆ ತೂಗಬಾರದು. ಐದೈದು ಗ್ರಾಂ ಏರುವ ಯಂತ್ರದಲ್ಲಿ ನೂರು ಗ್ರಾಂ ಒಳಗಿನ ಅಂಕಿಗೆ ಬೆಲೆಯಿಲ್ಲ. ಕೆಲಸ ಕಲಿಸಿದ ಹಿರಿಯರು ಮೊದಲ ವಾರವೇ ಹೇಳಿದ್ದ ಮಾತಿದು. ಕಾರಿನ ಅಂಕಿ ಒಂದೊಂದೇ ಇಳಿಯುತ್ತದೆ, ಆದ್ದರಿಂದ ಇಪ್ಪತ್ತರ ಕೆಳಗೆ ಅದು ಹೇಳುವುದನ್ನು ನಂಬಲಾಗದು ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಎರಡು ವರ್ಷದಲ್ಲಿ ಒಮ್ಮೆಯೂ ಹತ್ತೊಂಬತ್ತನ್ನು ಅವನು ನೋಡಿರಲಿಲ್ಲ.

ಈ ನಿಯಮ ಕಷ್ಟಕ್ಕೆ ಬಂದದ್ದು ಅಮ್ಮನಿಗೆ ಡಯಾಲಿಸಿಸ್ ಶುರುವಾದ ಮೇಲೆ. ಮಂಗಳವಾರ, ಗುರುವಾರ, ಶನಿವಾರ. ಮಧ್ಯಾಹ್ನ ಒಂದಕ್ಕೆ ಅಮ್ಮನನ್ನು ಆಸ್ಪತ್ರೆಯಲ್ಲಿ ಬಿಟ್ಟು, ಉಳಿದ ಅಂಗಡಿ ಮುಗಿಸಿ, ಮತ್ತೆ ಹೋಗಿ ಕರೆತರಬೇಕು. ಆಸ್ಪತ್ರೆಯ ವ್ಯಾನಿದೆ, ಆದರೆ ಅದು ಆರು ಜನರನ್ನು ಆರು ಕಡೆ ಇಳಿಸುತ್ತ ಬರುವಾಗ ಎರಡು ಗಂಟೆಯಾಗುತ್ತದೆ. ಒಮ್ಮೆ ಅಮ್ಮ ಅದರಲ್ಲೇ ವಾಂತಿ ಮಾಡಿಕೊಂಡಿದ್ದಳು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಒಂದು ಚಾರ್ಜರೂ ಇದೆ. ಅದಕ್ಕೆ ಪ್ಲಾಸ್ಟಿಕ್ ಚೀಲ ಮುಚ್ಚಿ ಎಂಟು ತಿಂಗಳಾಗಿತ್ತು.

ಹತ್ತಿರದ ಅಂಗಡಿಗಳನ್ನೇ ಆ ಮೂರು ದಿನಕ್ಕೆ ಹಾಕಿಕೊಂಡರೂ ಸಂಜೆ ಅಮ್ಮನನ್ನು ಕೂರಿಸಿಕೊಳ್ಳುವ ಹೊತ್ತಿಗೆ ಮೂವತ್ತಾರೋ ಮೂವತ್ತೇಳೋ ಉಳಿದಿರುತ್ತಿತ್ತು. ಮನೆಗೆ ಹದಿನಾಲ್ಕು ಕಿಲೋಮೀಟರ್. ಹೀಟರ್ ಹಾಕದಿದ್ದರೆ ಇಪ್ಪತ್ತೆರಡಕ್ಕೆ ಮನೆ ಸೇರಬಹುದು.

“ಚಳಿ ಆಗ್ತಿದ್ಯೇನಮ್ಮ?” ಎಂದು ಅವನು ಪ್ರತಿ ಸಲವೂ ಕೇಳುತ್ತಿದ್ದ.

“ಇಲ್ಲ ಕಣೋ, ಬೆಚ್ಚಗೇ ಇದೀನಿ. ನೀನು ರೋಡ್ ನೋಡು.”

ಅಮ್ಮ ಎರಡು ಸ್ವೆಟರ್, ಅದರ ಮೇಲೊಂದು ಕೋಟು, ಉಣ್ಣೆಯ ಕೈಗವಸು ಹಾಕಿಕೊಂಡು ಮೂಟೆಯಂತೆ ಕೂತಿರುತ್ತಿದ್ದಳು. ರಕ್ತ ಹೊರಗೆ ಹೋಗಿ ಯಂತ್ರ ಸುತ್ತಿ ಬಂದವರಿಗೆ ಚಳಿ ಹೆಚ್ಚು ಎಂಬುದು ಅವನಿಗೆ ಗೊತ್ತಿತ್ತು. ಆದರೆ ಕಾರು ನಡುದಾರಿಯಲ್ಲಿ ನಿಂತರೆ? ಡಯಾಲಿಸಿಸ್ ಆದ ಮೇಲೆ ಅಮ್ಮನಿಗೆ ರಕ್ತದೊತ್ತಡ ಬೀಳುತ್ತದೆ, ನೂರು ಹೆಜ್ಜೆಯೂ ನಡೆಯಲಾರಳು. ಸೇತುವೆಯ ಮೇಲೆ ನಿಂತುಬಿಟ್ಟರೆ ಅವಳನ್ನು ಎಲ್ಲಿ ಕೂರಿಸುವುದು, ಯಾರನ್ನು ಕರೆಯುವುದು ಎಂದು ಅವನು ಮನಸ್ಸಿನಲ್ಲೇ ಎಷ್ಟು ಸಲ ಕಾರು ನಿಲ್ಲಿಸಿ ನೋಡಿದ್ದನೋ ಲೆಕ್ಕವಿಲ್ಲ.

ಆಮೇಲೆ ತೂಕದ ಚಿಂತೆ ಬಂತು. ಡಯಾಲಿಸಿಸ್ ಮುಗಿದಾಗ ಅಮ್ಮ ಐವತ್ತೊಂದೂವರೆ ಕಿಲೋ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ನೀರು ಮೈಯಲ್ಲೇ ಉಳಿದಿದೆ ಎಂದರ್ಥ. ಮೂರು ವಾರದಿಂದ ಆ ಅಂಕಿ ಐವತ್ತೆರಡರ ಕೆಳಗೆ ಇಳಿದಿರಲಿಲ್ಲ. ಅವನ ಕಿಸೆಯ ಪುಸ್ತಕದಲ್ಲಿ ಎಲ್ಲ ಇತ್ತು: 52.0, 52.1, 52.3. ಅಮ್ಮನ ಕಾಲು ಊದಿತ್ತು. ಮಲಗುವಾಗ ಎರಡು ದಿಂಬು ಬೇಕಾಗುತ್ತಿತ್ತು. ವಾರಕ್ಕೊಮ್ಮೆ ಬರುವ ಡಾಕ್ಟರ್ ಕಾಗದದ ಮೇಲಿನ ಅಂಕಿಗಳನ್ನು ನೋಡಿ, “ಹೀಗೇ ಆದ್ರೆ ವಾರಕ್ಕೆ ನಾಲ್ಕು ಸಲ ಮಾಡ್ಬೇಕಾಗುತ್ತೆ” ಎಂದಿದ್ದರು.

“ನಾಲ್ಕು ಸಲ ನಾನು ಬರಲ್ಲ. ಮೂರೇ ಜಾಸ್ತಿ” ಎಂದಳು ಅಮ್ಮ ಮನೆಗೆ ಬಂದು. ಅವಳು ಬರುವುದಿಲ್ಲ ಎಂದರೆ ಬರುವುದಿಲ್ಲ. ಬಾರದಿದ್ದರೆ ಏನಾಗುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಇಂಥ ಹೊತ್ತಿನಲ್ಲಿ ಬೇರೆಯವರು ಇನ್ನೊಬ್ಬ ಡಾಕ್ಟರನ್ನು ಹುಡುಕುತ್ತಿದ್ದರೇನೋ. ಗ್ರಾಂ ಆಸ್ಪತ್ರೆಯ ತೂಕದ ಯಂತ್ರವನ್ನು ಅನುಮಾನಿಸಿದ. ಅರ್ಧ ಕಿಲೋ ಹೆಚ್ಚು ತೋರಿಸುವ ಯಂತ್ರಗಳನ್ನು ಅವನು ದಿನಾ ನೋಡುತ್ತಾನೆ. ಅದೊಂದು ಸರಿಹೋದರೆ ಅಮ್ಮನೂ ಸರಿಹೋಗುತ್ತಾಳೆ ಎಂಬ ಆಸೆ ಬೆಳೆಯುತ್ತ ಹೋಯಿತು.

ಮುಂದಿನ ಗುರುವಾರ ಅಂಗಡಿಗಳನ್ನು ಬೇಗ ಮುಗಿಸಿ, ಮೂರೂಕಾಲಿಗೇ ಆಸ್ಪತ್ರೆಗೆ ಬಂದ. ಇಪ್ಪತ್ತು ಕಿಲೋದ ಎರಡು ಬಟ್ಟು, ಹತ್ತು ಕಿಲೋದ ಒಂದನ್ನು ಎರಡು ಸಲ ಲಿಫ್ಟಿನಲ್ಲಿ ಹತ್ತಿಸಿದ. ಡಯಾಲಿಸಿಸ್ ಕೋಣೆಯ ಹಿರಿಯ ನರ್ಸ್ ಬಾಗಿಲಿಗೆ ಅಡ್ಡ ನಿಂತಳು.

“ಏನ್ರೀ ಇದು? ಜಿಮ್ ಇಡ್ತೀರಾ ಇಲ್ಲಿ?”

“ಐದು ನಿಮಿಷ ಸಿಸ್ಟರ್. ನಿಮ್ಮ ಸ್ಕೇಲ್ ಒಂದ್ಸಲ ನೋಡ್ತೀನಿ.”

ಅವಳು ಪಕ್ಕಕ್ಕೆ ಸರಿದು ಕೈಕಟ್ಟಿ ನಿಂತಳು. ಕೆಲವು ವಾರಗಳಿಂದ ಅವಳು ಅವನೊಂದಿಗೆ ಹೀಗೇ, ಮುಖ ಬಿಗಿದುಕೊಂಡೇ ಇರುತ್ತಿದ್ದಳು. ಅವನು ಹಲಗೆಯ ನಾಲ್ಕು ಮೂಲೆ, ನಡುವೆ, ಒಂದೊಂದೇ ಬಟ್ಟು ಇಟ್ಟು ನೋಡಿದ. ಐವತ್ತಕ್ಕೆ ಐವತ್ತು. ಚಿಕ್ಕ ಬಟ್ಟುಗಳನ್ನು ಸೇರಿಸಿ ಐವತ್ತೊಂದೂವರೆ ಮಾಡಿದ. ಯಂತ್ರ 51.5 ಎಂದಿತು. ಮತ್ತೊಮ್ಮೆ ಇಟ್ಟ. 51.5. ಜೀವನದಲ್ಲಿ ಮೊದಲ ಸಲ, ಸರಿಯಾಗಿರುವ ಯಂತ್ರವೊಂದನ್ನು ಅವನು ಮೂರನೆಯ ಬಾರಿ ಪರೀಕ್ಷಿಸಿದ. ಹಾಗಾದರೆ ಕೆಟ್ಟಿರುವುದು ಅಮ್ಮನ ಮೈಯೇ.

“ಆಯ್ತಾ? ಮಷಿನ್ ಮೇಲೆ ಅನುಮಾನ ಪಡೋ ಬದ್ಲು ಅರ್ಧ ಗಂಟೆ ಕಾಯ್ಬಹುದಿತ್ತಲ್ಲ” ಎಂದಳು ನರ್ಸ್.

“ಯಾವ ಅರ್ಧ ಗಂಟೆ?”

“ಡಾಕ್ಟರ್ ಬರ್ದಿರೋದು ನಾಲ್ಕು ಗಂಟೆ ಹೊತ್ತು. ಮೂರು ವಾರದಿಂದ ನಿಮ್ಮ ತಾಯಿ ಮೂರೂವರೆ ಗಂಟೆ ಆಗ್ತಿದ್ದ ಹಾಗೇ ಬಿಚ್ಚಿಸ್ಕೊಂಡು ಹೋಗ್ತಿದ್ದಾರೆ. ಪ್ರತಿ ಸಲ ಸೈನ್ ಹಾಕ್ಸಿದೀನಿ. ನೀರು ಹೇಗ್ರೀ ಇಳಿಯುತ್ತೆ?”

“ಹೊಸ ಮಷಿನ್ ಬಂದಿದೆ, ಬೇಗ ಮುಗಿಯುತ್ತೆ ಅಂತ ಅಮ್ಮ ಹೇಳಿದ್ಲಲ್ಲ?”

ನರ್ಸ್ ಕಟ್ಟಿದ ಕೈ ಬಿಟ್ಟಳು. “ಯಾವ ಹೊಸ ಮಷಿನ್? ನಾನು ಕೆಲಸಕ್ಕೆ ಸೇರಿದಾಗಿಂದ ಇವೇ ಇವೆ. ನಿಮ್ಮ ತಾಯಿ ಹೇಳಿದ್ದು ಬೇರೆ. ಮಗನಿಗೆ ಅವಸರ, ನಾಲ್ಕೂವರೆಗೇ ಬಿಡಿಸ್ಕೊಂಡು ಬಾ ಅಂತಾನೆ ಅಂತ.”

ಇಪ್ಪತ್ತಾರು ವರ್ಷದಲ್ಲಿ ಯಾವ ಯಂತ್ರದ ಮಾತನ್ನೂ ಪರೀಕ್ಷಿಸದೆ ನಂಬದವನು ಅಮ್ಮನ ಮಾತನ್ನು ನಂಬಿದ್ದ.

ಅಮ್ಮ ಒರಗು ಕುರ್ಚಿಯಲ್ಲಿ, ಎಡಗೈಗೆ ಎರಡು ಕೊಳವೆ ಸಿಕ್ಕಿಸಿಕೊಂಡು, ಆಸ್ಪತ್ರೆಯ ಕಂಬಳಿ ಹೊದ್ದು ಕಣ್ಣು ಮುಚ್ಚಿದ್ದಳು. ನಿದ್ದೆಯಲ್ಲ. ರೆಪ್ಪೆ ಅಲುಗುತ್ತಿತ್ತು.

“ಅಮ್ಮ, ಯಾಕೆ ಹೀಗ್ ಮಾಡ್ದೆ?”

“ಸಣ್ಣಗೆ ಮಾತಾಡು. ಪಕ್ಕದೋರು ಮಲಗಿದ್ದಾರೆ.”

“ನನಗೆ ಯಾವ ಅವಸರ ಇತ್ತು?”

ಅಮ್ಮ ಕಣ್ಣು ತೆರೆದಳು. “ಐದಕ್ಕೆ ಹೊರಟ್ರೆ ಆಫೀಸು ಬಿಡೋ ಹೊತ್ತು. ಆ ಸೇತುವೆ ಹತ್ರ ಒಂದು ಗಂಟೆ ನಿಲ್ತೀವಿ. ಒಂದು ದಿನ ನಿಂತಿದ್ವಲ್ಲ, ಅವತ್ತು ನೋಡ್ದೆ ನಿನ್ನ ಮುಖಾನ. ಆ ನಂಬರ್ ಇಪ್ಪತ್ತೆರಡಕ್ಕೆ ಬಂದಾಗ ಉಸಿರೇ ಬಿಡ್ತಿರ್ಲಿಲ್ಲ ನೀನು. ಈ ಚಳೀಲಿ ಹಣೆ ಮೇಲೆ ಬೆವರು. ರಕ್ತ ತೊಳೆಸ್ಕೊಂಡು ಬಂದಿದ್ದು ನಾನೋ ನೀನೋ ಅಂತ ಅನುಮಾನ ಬಂತು.”

ಅವನಿಗೆ ನಗು ಬರಲಿಲ್ಲ. ಸ್ಟೂಲ್ ಎಳೆದು ಕೂತ. ಡಯಾಲಿಸಿಸ್ ಯಂತ್ರದ ಪುಟ್ಟ ಚಕ್ರ ತಿರುಗುತ್ತಲೇ ಇತ್ತು. ನಾಲ್ಕೂವರೆಗೆ ನರ್ಸ್ ಬಂದು ಅವನ ಮುಖ ನೋಡಿದಳು. “ನಾಲ್ಕು ಗಂಟೆ ಪೂರ್ತಿ ಆಗ್ಲಿ ಸಿಸ್ಟರ್” ಎಂದ. ಅಮ್ಮ ಗೋಡೆಯ ಕಡೆ ತಿರುಗಿಕೊಂಡಳು.

ಐದಕ್ಕೆ ಬಿಡಿಸಿದರು. ಅಮ್ಮನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ 51.6. ಅವನು ಅದನ್ನು ಪುಸ್ತಕದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದ.

ಕಾರಿನಲ್ಲಿ ಮೂವತ್ತೈದು ಇತ್ತು. ಹೊರಗೆ ನಾಲ್ಕು ಡಿಗ್ರಿ. ಅಮ್ಮನ ಬೆಲ್ಟ್ ಹಾಕಿ ತನ್ನದನ್ನೂ ಹಾಕಿಕೊಂಡ. ಆಮೇಲೆ ಹೀಟರಿನ ಗುಂಡಿ ಒತ್ತಿದ. ಇನ್ನು ಎಷ್ಟು ದೂರ ಓಡಬಹುದೆಂಬ ಅಂಕಿ ಮೂವತ್ತೊಂದು ಕಿಲೋಮೀಟರಿನಿಂದ ಒಂದೇ ಏಟಿಗೆ ಇಪ್ಪತ್ಮೂರಕ್ಕೆ ಬಿತ್ತು.

“ಆರಿಸೋ, ನನಗೇನು ಚಳಿ ಇಲ್ಲ” ಎಂದಳು ಅಮ್ಮ.

“ನಿನ್ನ ಮಾತು ಇವತ್ತಿಗೆ ಸಾಕು” ಎಂದ ಅವನು.

ಸೇತುವೆಯ ಹತ್ತಿರ ಎಲ್ಲ ನಿಂತಿತ್ತು. ಮುಂದಿನ ಬಸ್ಸಿನ ಹಿಂಬದಿಯ ಕೆಂಪು ದೀಪ, ಅದರ ಹೊಗೆ. ಹನ್ನೊಂದು ನಿಮಿಷ ಚಕ್ರ ಒಂದು ಸುತ್ತೂ ತಿರುಗಲಿಲ್ಲ. ಅಷ್ಟರಲ್ಲಿ ಅಂಕಿ ಇಳಿದದ್ದು ಎರಡು. ಅವನು ಮನಸ್ಸಿನಲ್ಲೇ ಕೂಡಿಸಿ ಕಳೆದ. ಎರಡೂ ಹೀಟರಿನ ಪಾಲು. ಪಕ್ಕದ ಕಾರುಗಳು ನಿಂತಲ್ಲೇ ಪೆಟ್ರೋಲ್ ಸುಡುತ್ತಿದ್ದವು, ಇವನ ಮೋಟಾರು ನಿಂತಾಗ ಏನನ್ನೂ ತಿನ್ನುತ್ತಿರಲಿಲ್ಲ. ಅಂದರೆ ಇಷ್ಟು ದಿನ ಅವನು ಹೆದರಿದ್ದ ಟ್ರಾಫಿಕ್ ಹೆದರಬೇಕಾದ್ದೇ ಆಗಿರಲಿಲ್ಲ. ಇದು ಲೆಕ್ಕಕ್ಕೆ ಸರಿಹೋಗುತ್ತಿತ್ತು, ಆದರೂ ಕಣ್ಣು ಮತ್ತೆ ಮತ್ತೆ ಆ ಅಂಕಿಗೇ ಹೋಗುತ್ತಿತ್ತು.

ಸೇತುವೆ ದಾಟಿದಾಗ ಅಮ್ಮ ಕೈಗವಸು ಕಳಚಿದಳು. ಆ ಚಳಿಗಾಲದಲ್ಲಿ ಆ ಕಾರಿನಲ್ಲಿ ಅವಳು ಅದನ್ನು ಕಳಚಿದ್ದು ಅದೇ ಮೊದಲು. ಬೆರಳುಗಳನ್ನು ಗಾಳಿ ಬರುವ ಜಾಗಕ್ಕೆ ಹಿಡಿದು, ತಿರುಗಿಸಿ ಮುರುಗಿಸಿ ಕಾಯಿಸಿಕೊಂಡಳು. ಅವನು ಅದನ್ನು ಓರೆಗಣ್ಣಿನಲ್ಲಿ ನೋಡಿದ. ಇನ್ನು ಹೀಟರ್ ಆರಿಸಲು ಅವನಿಂದ ಆಗುತ್ತಿರಲಿಲ್ಲ.

ಇನ್ನೂ ಎಂಟು ಕಿಲೋಮೀಟರ್ ಇರುವಾಗ ಅಂಕಿ ಹಳದಿಯಾಯಿತು. ಕಾರು ಟಿಣ್ ಎಂದಿತು.

“ಏನದು?”

“ಇಪ್ಪತ್ತು.”

ಅವನ ಧ್ವನಿ ಕೇಳಿ ಅಮ್ಮ ತನ್ನ ಕೈಗವಸನ್ನು ತೆಗೆದುಕೊಂಡು, ಇಬ್ಬರ ನಡುವೆ ಇದ್ದ ಪರದೆಯ ಮೂಲೆಗೆ, ಸರಿಯಾಗಿ ಆ ಅಂಕಿಯ ಮೇಲೆ ಸಿಕ್ಕಿಸಿಬಿಟ್ಟಳು.

“ತೆಗಿಯಮ್ಮ, ನೋಡ್ಬೇಕು.”

“ನೀನು ರೋಡ್ ನೋಡು. ನಂಬರ್ ನಾನು ನೋಡಿ ಹೇಳ್ತೀನಿ.”

ಎರಡು ಸಿಗ್ನಲ್ ದಾಟಿದರು. “ಎಷ್ಟಿದೆ?” ಎಂದ. ಅಮ್ಮ ಕೈಗವಸಿನ ಅಂಚು ಎತ್ತಿ, ಮೂಗು ತಾಗುವಷ್ಟು ಬಾಗಿ ನೋಡಿದಳು. “ಹತ್ತೊಂಬತ್ತು.”

ದೊಡ್ಡ ರಸ್ತೆಯ ತಿರುವಿನಲ್ಲಿ ಮತ್ತೆ ನಿಂತರು. “ಈಗ?”

“ಹತ್ತೊಂಬತ್ತೇ.”

“ಅಮ್ಮ, ಅಷ್ಟೇ ಇರೋಕೆ ಸಾಧ್ಯ ಇಲ್ಲ.”

“ಇದ್ಯಲ್ಲ. ಒಳ್ಳೇ ಕಾರು.”

ಮನೆಯ ಹಿಂದಿನ ಏರಿನಲ್ಲಿ ಕಾರು ಇನ್ನೊಮ್ಮೆ, ಈ ಸಲ ಎರಡೆರಡು ಬಾರಿ, ಟಿಣ್ ಟಿಣ್ ಎಂದಿತು. ಅವನ ಅಂಗೈ ಸ್ಟೀರಿಂಗಿಗೆ ಅಂಟಿಕೊಂಡಿತ್ತು. “ಹತ್ತೊಂಬತ್ತಕ್ಕೂ ಒಂದ್ಸಲ ಹೊಡ್ಕೊಳುತ್ತೆ ಅಂತ ಕಾಣುತ್ತೆ” ಎಂದಳು ಅಮ್ಮ, ಕಿಟಕಿಯಾಚೆ ನೋಡುತ್ತ. ಅವಳ ಬಲಗೈ ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಿತ್ತು. ಅದೂ ಅವನಿಗೆ ಕಂಡಿತು.

ನೆಲಮಾಳಿಗೆಯ ಇಳಿಜಾರಿಗೆ ಬಂದಾಗ ಆರೂಕಾಲು ದಾಟಿತ್ತು. ತನ್ನ ಜಾಗದಲ್ಲಿ ನಿಲ್ಲಿಸಿ, ಅವನು ಹೀಟರ್ ಆರಿಸಿದ. ಆಮೇಲೆ ಕೈಗವಸನ್ನು ಎತ್ತಿ ನೋಡಿದ. ಒಂಬತ್ತು.

ಅದನ್ನು ಪುಸ್ತಕದಲ್ಲಿ 51.6ರ ಪಕ್ಕದಲ್ಲಿ ಬರೆದ. ಶನಿವಾರ ಮತ್ತೆ ಇದೇ ದಾರಿ, ಇದೇ ಹೊತ್ತು. ಒಂದು ಅಂಗಡಿ ಕಡಿಮೆ ಮಾಡಿದರೆ ಹದಿನೈದಕ್ಕೆ ಬರಬಹುದು. ಮಾಡದಿದ್ದರೂ ಬರಬಹುದು ಎಂದು ಈಗ ಗೊತ್ತಿತ್ತು. ಆ ಅಂಕಿ ಮತ್ತೆ ಹಳದಿಯಾದಾಗ ಈ ಗೊತ್ತಿರುವುದು ಎಷ್ಟು ನೆನಪಿರುತ್ತದೋ ಗೊತ್ತಿರಲಿಲ್ಲ.

ಇಳಿದು ಪ್ಲಗ್ ಚುಚ್ಚಿ, ಸುತ್ತಿ ಬಂದು ಅಮ್ಮನ ಬಾಗಿಲು ತೆರೆದು ಕೈ ಕೊಟ್ಟ. ಅಮ್ಮನ ಬೆರಳು ಬೆಚ್ಚಗಿತ್ತು.

“ಎಷ್ಟಿತ್ತೋ ಕೊನೇಗೆ?” ಎಂದಳು, ಏಳುತ್ತ.

ಅವನು ಕೈಗವಸನ್ನು ಅವಳ ಕೋಟಿನ ಜೇಬಿಗೆ ತುರುಕಿದ.

“ಹತ್ತೊಂಬತ್ತು” ಎಂದ.