ಕಲ್ಲಿಗೊಂದು ಹಿಡಿ

ನನ್ನ ತಂಗಿ ಚಿತ್ರದುರ್ಗದ ಒಂದು ಕಾನೂನು ಕಾಲೇಜಿನಲ್ಲಿ ಪ್ರೊಫೆಸರ್. ಅವಳ ಪಾಠ ಕೇಳಿದವರು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕೋರ್ಟುಗಳಲ್ಲಿ ಕರಿಕೋಟು ಹಾಕಿಕೊಂಡು ಓಡಾಡುತ್ತಾರೆ. ನಾನು ಓದಿದ್ದು ಏಳನೇ ಕ್ಲಾಸು. ಹರಿಯಬ್ಬೆ ಕಡೆಯ ನಮ್ಮೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಅವಳು ಬರೆದ ಪುಸ್ತಕದಲ್ಲಿ ಒಂದು ತಪ್ಪು ಸೇರಿಕೊಂಡಿತು. ಅದು ನನ್ನಿಂದ ಆದದ್ದು.

ನಮ್ಮದು ಕುರಿ ಸಾಕುವ ಮನೆ. ಮಂದೆಯ ಹಿಂದೆ ಒಬ್ಬರು ಹೋಗಲೇಬೇಕಿತ್ತು, ನಾನು ಹೋದೆ. ತಂಗಿ ಸಿರಿಗೆರೆಯಲ್ಲಿ ಓದಿ, ಆಮೇಲೆ ದುರ್ಗದಲ್ಲಿ ಲಾ ಸೇರಿದಳು. ಅದಕ್ಕೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ರಜೆಗೆ ಬಂದರೆ ಮನೆಯೆಲ್ಲ ನಗು. ನಮ್ಮ ಕುರಿ ಪಕ್ಕದ ಹೊಲಕ್ಕೆ ನುಗ್ಗಿದರೆ, "ಅಣ್ಣ, ನಿನ್ ಮ್ಯಾಲೆ ಕೇಸು ಹಾಕಬೋದು" ಎನ್ನುತ್ತಿದ್ದಳು. "ಮೊದ್ಲು ಕುರಿ ಮ್ಯಾಲೆ ಹಾಕವ್ವ, ಮೇಯ್ದಿದ್ದು ಅದು" ಎನ್ನುತ್ತಿದ್ದೆ.

ಅಪ್ಪ ವಯಸ್ಸಾದ ಮೇಲೆ ಕುರಿ ಕಡಿಮೆ ಮಾಡಿ ಗಿರಣಿ ಹಾಕಿದ. ಅವನ ಕಾಲದಲ್ಲಿ ಹರಿಜನ ಕೇರಿಯವರ ರಾಗಿಯನ್ನು ಎಲ್ಲರದ್ದೂ ಮುಗಿದ ಮೇಲೆ ಬೀಸುತ್ತಿದ್ದರು. ರಾಗಿ ತುಂಬಿದ ಅವರ ಪುಟ್ಟಿಗಳು ಬೇವಿನ ಮರದ ಕೆಳಗೆ ಕಾಯುತ್ತಿದ್ದವು. ಕರೆಂಟು ಹೋದರೆ ಮರುದಿನ ಮತ್ತೆ ಬರಬೇಕು. ತೊಂಬತ್ತರ ದಶಕದ ಮೊದಲಲ್ಲಿ ಗಿರಣಿ ನನ್ನ ಕೈಗೆ ಬಂದಾಗ ತಂಗಿ ಒಂದೇ ಮಾತು ಕೇಳಿಕೊಂಡಳು: "ಎಲ್ಲಾರ್ದೂ ಒಂದೇ ಸಾಲು ಮಾಡಣ್ಣ." ಮಾಡಿದೆ. ಮೊದಲು ಬಂದವರದ್ದು ಮೊದಲು.

ವಾರದೊಳಗೆ ಊರಿನ ದೊಡ್ಡ ಮನೆಯ ಯಜಮಾನ ಬಂದ. "ಏನಪ್ಪ, ಅವ್ರ ಹಿಟ್ಟು ಬಿದ್ದ ಕಲ್ಲಾಗೆ ನಮ್ದೂ ಬೀಳ್ಬೇಕಾ? ಹಿರಿಯೂರಿಗೆ ಹೊತ್ಕಂಡು ಹೋಗ್ತೀವಿ ಬಿಡು."

ಜೋಳ ಬೀಸಿದ ಮೇಲೆ ರಾಗಿ ಹಾಕುವಾಗ ಬಣ್ಣ ಬೆರೆಯಬಾರದೆಂದು ಒಂದು ಹಿಡಿ ರಾಗಿಯನ್ನು ಮೊದಲು ಬೀಸಿ ಚೆಲ್ಲುತ್ತೇವೆ. ನನಗೆ ಅದು ಹೊಳೆಯಿತು. "ಕಲ್ಲಿಗೆ ಒಂದು ಹಿಡಿ ಬಿಟ್ಕಳ್ರಿ. ಅದು ಕೆಳಗೆ ಬೀಳ್ಲಿ, ಆಮೇಲೆ ನಿಮ್ ಡಬ್ಬ ಹಿಡೀರಿ" ಎಂದೆ. ಯಜಮಾನ ಒಪ್ಪಿದ. ಅಂದಿನಿಂದ ಕೇರಿಯವರ ರಾಗಿಯ ಹಿಂದೆ ಯಾರ ಸರದಿ ಬಂದರೂ ಒಂದು ಹಿಡಿ ಬಿಡುತ್ತಿದ್ದರು. ಜೋಳದ ಹಿಂದೆ ರಾಗಿ ಬಂದಾಗ ಹಿಡಿ ಬಿಟ್ಟರೆ ಅದು ಬಣ್ಣದ ಮಾತು. ರಾಗಿಯ ಹಿಂದೆ ರಾಗಿ ಬಂದಾಗ ಬಿಟ್ಟರೆ ಅದಕ್ಕೆ ಇರುವುದು ಒಂದೇ ಅರ್ಥ. ಅದು ಗೊತ್ತಿದ್ದೂ, ಜಗಳವಿಲ್ಲದೆ ಕೆಲಸ ಮುಗಿಸಿದೆನೆಂದು ಹೆಮ್ಮೆಪಟ್ಟೆ. ಚೆಲ್ಲಿದ ಹಿಟ್ಟನ್ನು ಗುಡಿಸಿ ನಮ್ಮ ಕೋಳಿಗಳಿಗೆ ಹಾಕುತ್ತಿದ್ದೆ.

ಕೆಲವು ವರ್ಷಗಳ ನಂತರ ತಂಗಿ ಡಾಕ್ಟರೇಟಿಗೆ ಕೂತಳು. ಹೊರದೇಶಗಳಲ್ಲಿ ಮೈಬಣ್ಣ ನೋಡಿ ಜನರನ್ನು ಬೇರೆ ಕೂರಿಸುತ್ತಿದ್ದರಂತೆ. ನಮ್ಮಲ್ಲಿ ಜಾತಿ ನೋಡಿ ದೂರ ನಿಲ್ಲಿಸುತ್ತೇವೆ. ಎರಡಕ್ಕೂ ಕಾನೂನು ಬಂದ ಮೇಲೆ ಏನು ಬದಲಾಯಿತು ಎಂಬುದು ಅವಳ ವಿಷಯ. ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳನ್ನು ಬಸ್ಸಿನಲ್ಲಿ ಸುತ್ತಿ, ಹೋಟೆಲು, ಕ್ಷೌರದಂಗಡಿ, ಗಿರಣಿಗಳ ಮುಂದೆ ದಿನಗಟ್ಟಲೆ ಕೂತು ಬರೆದುಕೊಂಡಳು. ಕೊನೆಗೆ ನಮ್ಮ ಗಿರಣಿಗೂ ಬಂದಳು.

"ಎಲ್ಲಾರ್ದೂ ಒಂದೇ ಸಾಲಾ ಅಣ್ಣ?"

"ಒಂದೇ ಸಾಲು."

"ಕೇರಿಯೋರ್ನ ಕಾಯಿಸ್ತೀಯಾ?"

"ಯಾರ್ನೂ ಕಾಯ್ಸಲ್ಲ."

"ಮತ್ತೇನಾದ್ರೂ ಬ್ಯಾರೆ ನಡಿತೈತಾ?"

"ಏನಿಲ್ಲ."

ಬರೆದುಕೊಂಡು, ಟೀ ಕುಡಿದು, ಸಂಜೆ ಬಸ್ಸಿಗೆ ಹೋದಳು.

ಎರಡು ಸಾವಿರ ಇಸವಿ ಕಳೆದ ಮೇಲೆ ಅದು ಪುಸ್ತಕವಾಯಿತು. ಊರಿನ ಹೆಸರಿಲ್ಲದೆ ನಮ್ಮ ಗಿರಣಿಯ ಬಗ್ಗೆ ಎರಡು ಪುಟಗಳಿದ್ದವು. ಯಾವ ಪೊಲೀಸೂ ಬಾರದೆ ಒಬ್ಬ ಗಿರಣಿಯವನು ತಾನಾಗಿ ಭೇದ ಅಳಿಸಿದ ಎಂದು ಬರೆದಿದ್ದಳು. ಬೆರಳಿಟ್ಟು ಓದಿದೆ. ಹೊಗಳಿಕೆ ಸಿಹಿಯಾಗಿಯೇ ಇತ್ತು, ಸುಳ್ಳು ಹೇಳಲಾರೆ. ಗಿರಾಕಿಗಳಿಗೂ ತೋರಿಸಿದೆ. ಮಲಗಿದಾಗ ಮಾತ್ರ ಆ ಎರಡು ಪುಟ ಎದೆಯ ಮೇಲೆ ಕೂತ ಹಾಗಾಗುತ್ತಿತ್ತು. ಹೇಳೋಣವೆಂದು ಎರಡು ಸಲ ದುರ್ಗಕ್ಕೆ ಹೋದೆ. ಅವಳು ಊಟಕ್ಕೆ ಬಡಿಸುವಾಗ, "ಕ್ಲಾಸಾಗೆ ನಿನ್ ಗಿರಣಿ ಕತೇನೇ ಹೇಳೋದು ನಾನು" ಎಂದಳು. ಎರಡು ಸಲವೂ ಉಂಡು ಬಂದೆ.

ಕೊನೆಗೊಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಗಿರಣಿಗೇ ಬಂದಳು. ಮೊದಲೇ ತಿಳಿಸಿರಲಿಲ್ಲ. ಕೇರಿಯ ಒಬ್ಬ ಮುದುಕಿಯ ರಾಗಿ ಆಗಷ್ಟೇ ಮುಗಿದಿತ್ತು. ಮುಂದಿನ ಸರದಿ ದೊಡ್ಡ ಮನೆಯ ಸೊಸೆಯದು. ಆಕೆ ಅಭ್ಯಾಸದಂತೆ ಒಂದು ಹಿಡಿ ಬಿಟ್ಟಳು.

"ಅದ್ಯಾಕೆ ಚೆಲ್ತೀರಾ?" ಎಂದಳೊಬ್ಬ ವಿದ್ಯಾರ್ಥಿನಿ.

"ಮೊದ್ಲು ಜೋಳ ಬೀಸಿದ್ವಿ, ಅದ್ಕೆ" ಎಂದೆ ನಾನು, ಅವಸರವಾಗಿ.

ಮುದುಕಿ ತನ್ನ ಪುಟ್ಟಿಗೆ ಬಟ್ಟೆ ಕಟ್ಟುತ್ತಿದ್ದಳು. ತಲೆ ಎತ್ತಿ ನಕ್ಕಳು. "ಜೋಳ ಎಲ್ಲಿತ್ತಪ್ಪಾ? ಈಗ ಬೀಸಿದ್ದು ನಂದೇ ರಾಗಿ. ನಮ್ದು ಬಿದ್ದ ಮ್ಯಾಲೆ ಹಿಡಿ ಬಿಡದು ಏನ್ ಇವತ್ತಿಂದಾ?" ಆಮೇಲೆ ತಂಗಿಯ ಕಡೆ ತಿರುಗಿ, "ನಿಮ್ಮಣ್ಣನ ಕೋಳಿ ಹೆಂಗೆ ದಪ್ಪಗವೆ ನೋಡವ್ವ!" ಎಂದಳು.

ತಂಗಿ ಮಷಿನ್ನು ನಿಲ್ಲಿಸು ಎಂದು ಕೈ ಮಾಡಿದಳು, ನಿಲ್ಲಿಸಿದೆ.

"ಯಾರು ಹೇಳ್ಕೊಟ್ಟಿದ್ದಣ್ಣ ಇದು?"

"ನಾನೇ."

ಅವಳು ಹೋಗಿ ಮುದುಕಿಯ ಪಕ್ಕದ ಕಟ್ಟೆಯ ಮೇಲೆ ಕೂತಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ನನ್ನನ್ನು ಕರೆಯಲಿಲ್ಲ.

ಆ ದಿನದಿಂದ ಹಿಡಿ ನಿಂತಿತು. ದೊಡ್ಡ ಮನೆಯವರು ಅಂದು ಹೇಳಿದಂತೆ ಬೀಸಿಸಲು ಹಿರಿಯೂರಿಗೆ ಹೋದರು, ನಾನು ತಡೆಯಲಿಲ್ಲ. ಮುದುಕಿಯ ಮನೆಗೆ ಹೋಗಿ ತಪ್ಪಾಯಿತೆಂದೆ. "ಗೊತ್ತಾಯ್ತಲ್ಲ, ಸಾಕು. ಬಾಗ್ಲಾಗೆ ನಿಲ್ಬ್ಯಾಡ, ಒಳಗ್ ಬಾರಪ್ಪಾ" ಎಂದು ಮಜ್ಜಿಗೆ ಕೊಟ್ಟಳು. ಕುಡಿದೆ. ಈಗ ಗಿರಣಿಯಲ್ಲಿ ಕೂತಾಗ ಎಂದೂ ಇಲ್ಲದಷ್ಟು ನೆಮ್ಮದಿ ನನಗೆ.

ಆದರೆ ಪುಸ್ತಕ ಎರಡನೇ ಸಲ ಅಚ್ಚಾದಾಗ ತಂಗಿ ಆ ಪುಟಗಳನ್ನು ತಿದ್ದಿ, "ಸರಿಯಾದ ಪ್ರಶ್ನೆ ಕೇಳದೆ ನಾನು ತಪ್ಪಿದೆ" ಎಂದು ಬರೆದಳು. ಫೋನ್ ಮಾಡಿದೆ. "ನೀನು ಕೇಳಿದ್ದೆ ಕಣವ್ವ" ಎಂದೆ.

"ಬ್ಯಾರೆಯೋರ ಗಿರಣಿಯಾಗೆ ದಿನಾ ಪೂರ್ತಿ ಕುಂತು ನೋಡ್ದೆ. ನಿನ್ನ ಹತ್ರ ಬರೇ ಕೇಳಿ ಎದ್ದೆ. ಅಣ್ಣ ಅಂತ ನಂಬ್ದೆ. ಅದು ನಂದೇ ತಪ್ಪಲ್ವಾ?"

ಅಣ್ಣನನ್ನು ನಂಬಿದ್ದನ್ನು ತಪ್ಪೆಂದು ಅವಳು ಅಚ್ಚು ಹಾಕಿಸಿಕೊಳ್ಳುವಂತೆ ಮಾಡಿದವನು ನಾನು. ಅದಕ್ಕೇ ಈ ಬರಹ. ಅವಳ ಪುಸ್ತಕ ಓದಿದವರು ಇದನ್ನೂ ಓದಲಿ. ಅವಳು ಕೇಳಿದಳು, ನೇರವಾಗಿಯೇ ಕೇಳಿದಳು. ನಾನು "ಏನಿಲ್ಲ" ಎಂದು ಮುಖ ತಿರುಗಿಸಿಕೊಂಡು, ಸಡಿಲವಾಗಿರದ ಮಷಿನ್ನಿನ ಬೆಲ್ಟನ್ನು ಸರಿಮಾಡುತ್ತ ನಿಂತೆ.