ಎರಡು ಗಂಟೆ ಕೂರುವವರು ಯಾರು?

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಡಿಪೋದ ಹಿಂಬದಿಯ ಸಿಮೆಂಟ್ ಅಂಗಳದಲ್ಲಿ ಆಕೆ ನೀರಿನ ಪೈಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಸ್ಸು ತೊಳೆಯುತ್ತಿದ್ದಾರೆ. ಯಾರೋ ವಾಂತಿ ಮಾಡಿಟ್ಟ ಕಿಟಕಿಯನ್ನು ಬ್ರಶ್ಶಿನಿಂದ ಗಸಗಸ ಉಜ್ಜುತ್ತಾರೆ. ಒಂದು ಬಸ್ಸು ಮುಗಿದದ್ದೇ ತಡ, ಪೈಪನ್ನು ನೆಲಕ್ಕೆಸೆದು ಗೇಟು ದಾಟಿ ಓಡುತ್ತಾರೆ. ಮನೆ ಎದುರು ಬೀದಿಯಲ್ಲೇ. ಬೀಗ ತೆಗೆದು, ಮಂಚದ ಮೇಲಿನ ಗಂಡನ ಎದೆ ಏರಿಳಿಯುವುದನ್ನು ಕಣ್ಣಾರೆ ಕಂಡು, ಮತ್ತೆ ಬೀಗ ಹಾಕಿ ಓಡಿ ಬರುತ್ತಾರೆ.

“ಎಲ್ಲಿಗಮ್ಮ ಹೋಗಿದ್ದೆ?” ಮೇಲ್ವಿಚಾರಕ ರೇಗುತ್ತಾನೆ.

“ಉಸಿರಿದೆಯಾ ನೋಡೋಕೆ!” ಆಕೆಯೂ ರೇಗುತ್ತಾರೆ.

ಗಂಡ ಇದೇ ಡಿಪೋದ ಚಾಲಕರಾಗಿದ್ದವರು. ಹೋದ ವರ್ಷ ಊಟಕ್ಕೆ ಕೂತಿದ್ದಾಗ ಕೈಯ ತುತ್ತು ಜಾರಿ ಬಿತ್ತು, ಬಾಯಿ ಸೊಟ್ಟಗಾಯಿತು. ಪಾರ್ಶ್ವವಾಯು. ಬಲಗೈ, ಬಲಗಾಲು, ಮಾತು ಒಂದೇ ಏಟಿಗೆ ಹೋದವು. ಗುರುಗುಟ್ಟುವುದೊಂದು ಉಳಿಯಿತು. ‘ಮತ್ತೊಮ್ಮೆ ಹೊಡೆಯಬಹುದು, ಹುಷಾರಾಗಿ ನೋಡ್ಕೊಳ್ಳಿ’ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದರು. ಅಂದಿನಿಂದ ಆಕೆಗೆ ನಿದ್ದೆಯಿಲ್ಲ. ಗಂಡ ಕೆಮ್ಮಿದರೆ ಎದೆ ಝಲ್ಲೆನ್ನುತ್ತದೆ. ಕೆಮ್ಮದಿದ್ದರೆ ಇನ್ನೂ ಜೋರಾಗಿ ಝಲ್ಲೆನ್ನುತ್ತದೆ.

ತಡೆಯಲಾಗದೆ ಒಮ್ಮೆ ತಮಗೇ ಔಷಧಿ ಕೇಳಲೆಂದು ವೈದ್ಯರ ಮುಂದೆ ಕೂತರು. ವೈದ್ಯರು ಗಂಡನ ಬಿ.ಪಿ. ವಿಚಾರಿಸಿದರು, ಗಂಡನ ಮಾತ್ರೆ ಬದಲಾಯಿಸಿದರು. ಏಳುವಾಗ, “ನೀವು ಟೆನ್ಷನ್ ಮಾಡ್ಕೋಬೇಡಿ” ಎಂದರು.

“ಮಾಡ್ಕೊಳ್ಳೋಕೆ ಅದೇನು ಅಡುಗೆನಾ?” ಆಕೆ ಈಗಲೂ ಕುದಿಯುತ್ತಾರೆ. “ಬೇಡ ಅಂದ್ರೆ ಒಲೆ ಆರಿಸಿಬಿಡ್ತಿದ್ದೆ.”

ನೆಂಟರ ಹೆಸರೆತ್ತಿದರಂತೂ ಬೆಂಕಿಗೆ ತುಪ್ಪ. ಬರುತ್ತಾರೆ, ಹಣ್ಣು ಇಡುತ್ತಾರೆ, ಚಹಾ ಕುಡಿಯುತ್ತಾರೆ, ಎಣ್ಣೆ ಹಚ್ಚುವ ಬಗೆ ಹೇಳಿಕೊಟ್ಟು ಹೋಗುತ್ತಾರೆ. ಒಂದು ಭಾನುವಾರ ಮನೆ ತುಂಬ ಜನರಿದ್ದಾಗ ನಾದಿನಿ ಕಣ್ಣೊರೆಸಿಕೊಂಡು, “ಅತ್ತಿಗೆ, ನೀವು ದೇವತೆ ಕಣ್ರೀ” ಎಂದಳು.

ಆಕೆ ಚಹಾದ ತಟ್ಟೆಯನ್ನು ನೆಲಕ್ಕೆ ಕುಕ್ಕಿದರು. “ದೇವತೆ ಅಂದ್ಬಿಟ್ರೆ ನಿಮಗೆ ಕೆಲಸ ತಪ್ತು, ಅಲ್ವಾ? ನಿನ್ನ ಒಡಹುಟ್ಟಿದವ್ರಮ್ಮ ಇವ್ರು. ವಾರಕ್ಕೊಂದು ದಿನ ಎರಡು ಗಂಟೆ ಇಲ್ಲಿ ಕೂತ್ಕೊಳ್ಳಿ, ನಾನು ಮಲಗ್ತೀನಿ. ಯಾರು ಬರ್ತೀರಿ?”

ಒಬ್ಬರಿಗೆ ಮಂಡಿನೋವು ನೆನಪಾಯಿತು. ಇನ್ನೊಬ್ಬರಿಗೆ ಮಗನ ಪರೀಕ್ಷೆ. ಮನೆ ಖಾಲಿಯಾಗಲು ತಡವಾಗಲಿಲ್ಲ.

ಸುದ್ದಿ ಡಿಪೋ ತುಂಬ ಹರಡಿತು. ಎರಡು ದಿನ ಬಿಟ್ಟು ಮಧ್ಯಾಹ್ನ ಬಾಗಿಲು ತಟ್ಟಿದ್ದು ಗ್ಯಾರೇಜಿನ ಮೆಕ್ಯಾನಿಕ್, ಎಲ್ಲರ ಬಾಯಲ್ಲಿ ‘ಸಿಡುಕಣ್ಣ’. ಬ್ರೇಕಿನ ವಿಷಯಕ್ಕೆ ಈ ಚಾಲಕರೊಂದಿಗೆ ಹಾವು ಮುಂಗುಸಿಯಂತೆ ಕಾದಾಡಿದವನು. “ನೀವ್ ಮಲಗ್ರಮ್ಮ, ಇವ್ನ್ ಹತ್ರ ಹಳೇ ಲೆಕ್ಕ ಬಾಕಿ ಇದೆ” ಎಂದು ಕುರ್ಚಿ ಎಳೆದುಕೊಂಡ.

ಆಕೆ ಒಳಕೋಣೆಯಲ್ಲಿ ಒರಗಿದರು. ಹೊರಗೆ ಮೆಕ್ಯಾನಿಕ್ಕನ ಬೈಗುಳ, ಅದಕ್ಕೆ ಗಂಡನ ಗುರುಗುಟ್ಟುವಿಕೆ. ಮತ್ತೆ ಬೈಗುಳ, ಇನ್ನೂ ಜೋರಾಗಿ ಗುರುಗುಟ್ಟುವಿಕೆ. “ಜಗಳ ಕೇಳಿಸ್ತಾ ಇದ್ರೆ ಬದುಕಿದ್ದಾರೆ ಅಂತ ತಾನೆ? ಎದ್ದು ನೋಡೋ ಅಗತ್ಯಾನೇ ಇರ್ಲಿಲ್ಲ. ಸತ್ತವಳ ಹಾಗೆ ನಿದ್ದೆ ಹೋದೆ.”

ಈಗ ಮೆಕ್ಯಾನಿಕ್ ವಾರದಲ್ಲಿ ಎರಡು ಮಧ್ಯಾಹ್ನ ಬರುತ್ತಾನೆ. ಹೊರಗಿನ ಗಂಡಸನ್ನು ಕೂರಿಸಿ ಮಲಗುತ್ತಾಳೆ ಎಂದು ಬೀದಿ ಆಡಿಕೊಳ್ಳುತ್ತದೆ. ನಾದಿನಿ ಫೋನಿನಲ್ಲೇ ಬುದ್ಧಿ ಹೇಳಿದಳು. ಆಕೆ ಫೋನು ಕುಕ್ಕಿ ದಿಂಬಿಗೆ ತಲೆಯಿಟ್ಟರು.

ಉಳಿದ ದಿನಗಳಿಗೂ ಯಾರಾದರೂ ಸಿಕ್ಕರೆ ಸಾಕು, ಅದಕ್ಕಿಂತ ಹೆಚ್ಚಿನದೇನೂ ಬೇಡ ಎನ್ನುತ್ತಾರೆ. ಹಾಗಾದರೆ ಕೋಪ ಇಳಿಯುತ್ತದೆಯೇ?

ಆಕೆ ಗಂಡನ ಕಂಕುಳಿಗೆ ಕೈಕೊಟ್ಟು, ಒಂದೇ ಉಸಿರಿಗೆ ಮೇಲೆತ್ತಿ ಕುರ್ಚಿಗೆ ಕೂರಿಸುತ್ತಾರೆ. ಬೆವರು ಒರೆಸಿಕೊಳ್ಳುತ್ತಾರೆ.

“ಅದೊಂದು ಇರ್ಲಿ ಬಿಡಿ. ಅದೂ ಇಳಿದ್ರೆ ಇವ್ರನ್ನ ಎತ್ತೋಕೆ ಶಕ್ತಿ ಎಲ್ಲಿಂದ ತರ್ಲಿ?”